ಕಾಲಿನ ಬಾಧೆಗಳಿಗೆ ವಿನಿಗರ್ ನೀರು: ಅದರ ಉಪಯೋಗವೂ ಮಿತಿಯೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ಅರಿಯದ ಬೇಸಾಯಗಾರನಿಲ್ಲ. ಆದರೆ ಕೈ ಕೆಸರಾಗುವುದಕ್ಕೆ ಮೊದಲು ಕಾಲು ಕೆಸರಾಗುವುದೆಂಬುದನ್ನೂ, ಊಟಕ್ಕೆ ಮುಂಚೆ ಕೈಯನ್ನಾದರೂ ತೊಳೆಯುವ ನಾವು ಕಾಲನ್ನು ದಿನವಿಡೀ ಹಾಗೆಯೇ ಬಿಟ್ಟಿರುವೆವೆಂಬುದನ್ನೂ ಮನಸ್ಸಿಗೆ ತಂದುಕೊಳ್ಳುವವರು ವಿರಳ. ನಾಟಿ, ಕಳೆ, ನೀರು ಕಟ್ಟುವುದು, ಕೊಟ್ಟಿಗೆ ಬಾಚುವುದು, ಇವೆಲ್ಲವೂ ಕಾಲಿನ ಮೇಲೆ ನಿಂತು ನಡೆಯತಕ್ಕ ಕೆಲಸಗಳು. ಎತ್ತಿಗೆ ಲಾಳ ಕಟ್ಟಿಸುವುದನ್ನು ಮರೆಯದ ರೈತನು ತನ್ನ ಬೆರಳ ಸಂದಿಯು ಹುಣ್ಣಾದರೆ ಅದನ್ನು ಲಕ್ಷಿಸುವುದಿಲ್ಲ. ಆದುದರಿಂದ ಈ ವಿಷಯದಲ್ಲಿ ಕೆಲವು ಮಾತುಗಳನ್ನು ವ್ಯವಸಾಯದ ಪತ್ರಿಕೆಯಲ್ಲಿ ಬರೆಯುವುದು ಅಪ್ರಾಸಂಗಿಕವಾಗಲಾರದು.

ಬೆಂಗಳೂರು ದಕ್ಷಿಣದ ಪುಟ್ಟೇನಹಳ್ಳಿಯು ಈಗ ಜೆ. ಪಿ. ನಗರದ ೭ನೆಯ ಹಂತದೊಡನೆ ಸೇರಿಹೋಗಿದೆ. (ಯಲಹಂಕದ ಬಳಿ ಇದೇ ಹೆಸರಿನ ಮತ್ತೊಂದು ಊರೂ ಕೆರೆಯೂ ಇರುವುದರಿಂದ ವಾಚಕರು ಎರಡನ್ನೂ ಒಂದೆಂದು ತಿಳಿಯಬಾರದು.) ಇಲ್ಲಿನ ಸುಮಾರು ೧೩ ಎಕರೆಯ ಕೆರೆಯು ಹಾಳುಬಿದ್ದಿದ್ದು, ೨೦೧೦ರಿಂದೀಚೆಗೆ ಸುತ್ತಲಿನ ನಿವಾಸಿಗಳು ಒಂದು ಟ್ರಸ್ಟನ್ನು ಕಟ್ಟಿಕೊಂಡು ಮಹಾನಗರಪಾಲಿಕೆಯೊಡನೆ ಸೇರಿ ಅದನ್ನು ಉಳಿಸಿಕೊಂಡಿರುವರು. ಈಗ ಇಲ್ಲಿ ಗದ್ದೆಯ ಬೇಸಾಯವಿಲ್ಲ. ಆದರೆ ಕೆಸರಿನಲ್ಲಿ ಕಾಲಿಡುವವರಿಗೆ ಕೊರತೆಯಿಲ್ಲ. ಕೆರೆಯ ಕಳೆ ತೆಗೆಯುವವರು, ಮನೆತೋಟಗಳಿಗೆ ನೀರು ಹಾಯಿಸುವ ಮಾಲಿಗಳು, ಮಳೆಯಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಸಾರಕ್ಕಿ ಮಾರುಕಟ್ಟೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ಸೊಪ್ಪು ಮಾರುವ ಹೆಂಗಸರು, ಇವರೆಲ್ಲರಿಗೂ ಹಳ್ಳಿಯ ರೈತನಿಗೆ ಬರುವ ಕಾಲಿನ ಬಾಧೆಗಳೇ ಬರುವುವು. ಇವರಲ್ಲಿ ಹಲವರು ಈಚೆಗೆ ಕೇಳುವ ಪ್ರಶ್ನೆ ಒಂದೇ: “ವಿನಿಗರ್ ಬೆರೆಸಿದ ನೀರಿನಲ್ಲಿ ಕಾಲನ್ನು ನೆನೆಸಿದರೆ ಎಲ್ಲವೂ ವಾಸಿಯಾಗುವುದಂತೆ, ನಿಜವೇ ಸ್ವಾಮಿ?” ಇದಕ್ಕೆ ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲವೆಂಬುದನ್ನು ಬಿಡಿಸಿ ತಿಳಿಸುವುದೇ ಈ ಲೇಖನದ ಉದ್ದೇಶ.

ವಿನಿಗರೆಂದರೇನು?

ಸಕ್ಕರೆಯ ಅಂಶವುಳ್ಳ ಯಾವ ರಸವೇ ಆಗಲಿ, ದ್ರಾಕ್ಷಿ, ಸೇಬು, ಕಬ್ಬಿನ ಹಾಲು, ಶೇಂದಿ, ಎರಡು ಸಲ ಹುಳಿತರೆ ವಿನಿಗರಾಗುವುದು. ಮೊದಲನೆಯ ಹುಳಿತದಲ್ಲಿ ಯೀಸ್ಟೆಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಮದ್ಯಸಾರವಾಗಿ ಮಾಡುವುದು. ಎರಡನೆಯದರಲ್ಲಿ ಮತ್ತೊಂದು ಜಾತಿಯ ಸೂಕ್ಷ್ಮಜೀವಿಯು ಗಾಳಿಯ ಸಹಾಯದಿಂದ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುವುದು. ಈ ಎರಡನೆಯ ಕಾರ್ಯವು ಜೀವಿಗಳಿಂದ ಆಗತಕ್ಕದ್ದೆಂದು ಫ್ರಾನ್ಸ್ ದೇಶದ ಪಾಶ್ಚರನು ೧೮೬೪ರಲ್ಲಿ ತೋರಿಸಿಕೊಟ್ಟನು. ಹುಳಿಸದೆ, ಕಾರ್ಖಾನೆಯ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದುದನ್ನು ‘ಸಿಂಥೆಟಿಕ್ ವಿನಿಗರ್’ ಎಂದು ಚೀಟಿಯ ಮೇಲೆ ಕಾಣಿಸಬೇಕೆಂದು ಕಾನೂನಿದೆ. ಎರಡರಲ್ಲಿಯೂ ಶೇಕಡಾ ೩.೭೫ಕ್ಕೆ ಕಡಿಮೆಯಿಲ್ಲದಂತೆ ಆಮ್ಲವಿರತಕ್ಕದ್ದು. ಅಂಗಡಿಯ ವಿನಿಗರಿನಲ್ಲಿ ಸಾಮಾನ್ಯವಾಗಿ ಶೇಕಡಾ ೪ರಿಂದ ೫ರಷ್ಟು ಆಮ್ಲವಿರುವುದು.

ಚರ್ಮದ ಮೇಲೆ ಕೆಲಸಮಾಡುವುದು ಈ ಆಮ್ಲವೇ. ಆದುದರಿಂದ ಕಾಲು ನೆನೆಸುವುದಕ್ಕೆ ಸೇಬಿನ ವಿನಿಗರೇ ಆಗಬೇಕೆಂದು ಹೆಚ್ಚು ಬೆಲೆ ಕೊಡುವುದು ಅನಾವಶ್ಯಕ. ಕೊಡಗಿನ ಕಾಚಂಪುಳಿಯನ್ನು ಕೆಲವರು ಕೊಡಗಿನ ವಿನಿಗರೆಂದು ಕರೆಯುವರು. ಅದು ಉಪ್ಪಾಗೆಯ ಜಾತಿಯ ಹಣ್ಣಿನ ರಸವನ್ನು ಕಾಯಿಸಿ ಇಳಿಸಿದ ಗಟ್ಟಿಹುಳಿ. ಅದರ ಆಮ್ಲವು ಬೇರೆ. ಅದು ಅಡಿಗೆಗೆ ಯೋಗ್ಯವೇ ಹೊರತು ಕಾಲಿಗಲ್ಲ. ಮನೆಯಲ್ಲಿ ಹಣ್ಣನ್ನು ಹುಳಿಸಿ ಮಾಡಿಕೊಂಡ ವಿನಿಗರಿನ ಶಕ್ತಿಯು ಎಷ್ಟೆಂದು ಅಳೆಯದೆ ತಿಳಿಯದಾದ್ದರಿಂದ ಅದನ್ನೂ ಈ ಕೆಲಸಕ್ಕೆ ಬಳಸದಿರುವುದು ಮೇಲು.

ಹಿಂದಿನವರ ಹುಳಿನೀರು

ಹುಳಿಯಿಂದ ಕಾಲು ತೊಳೆಯುವುದು ನಮಗೆ ಹೊಸದಲ್ಲ. ಕೆಟ್ಟ ಕೆಸರಿನ ಸ್ಪರ್ಶದಿಂದ ಬೆರಳ ಸಂದಿಗಳು ಒದ್ದೆಯಾಗಿ, ನವೆ, ಉರಿ, ನೋವುಗಳಿಂದ ಕೂಡುವ ಬಾಧೆಯನ್ನು ಸುಶ್ರುತಸಂಹಿತೆಯು ‘ಅಲಸ’ವೆಂದು ಹೆಸರಿಸಿ, ಅದಕ್ಕೆ ಆರನಾಲವೆಂಬ ಹುಳಿತ ಧಾನ್ಯದ ಗಂಜಿಯಿಂದ ಕಾಲನ್ನು ತೊಯಿಸಿ, ಬೇವು ಮೊದಲಾದುವುಗಳನ್ನು ಅರೆದು ಲೇಪಿಸಬೇಕೆಂದು ವಿಧಿಸಿದೆ. ನಮ್ಮ ಕೆಸರುಹುಣ್ಣೇ ಇದು. ಆ ಲೇಪದಲ್ಲಿ ಹೇಳಿರುವ ಹರಿತಾಳವು ಪಾಷಾಣದ ಅಂಶವುಳ್ಳ ಖನಿಜವಾದುದರಿಂದ ಈಗ ಯಾರೂ ಅದನ್ನು ತಾವಾಗಿಯೇ ಪ್ರಯೋಗಿಸಕೂಡದು. ಆದರೆ ಹುಳಿನೀರಿನ ಗುಣವನ್ನು ಪೂರ್ವಿಕರು ಕಂಡುಕೊಂಡಿದ್ದರೆಂಬುದು ಇದರಿಂದ ಸ್ಪಷ್ಟವಾಗುವುದು. ಹುಳಿಮಜ್ಜಿಗೆಯಿಂದ ಕಾಲು ತೊಳೆಯುವುದು, ಆಷಾಢದ ಮಳೆಗಾಲದಲ್ಲಿ ಗೋರಂಟಿಯನ್ನು ಅರೆದು ಕಾಲಿಗೆ ಹಚ್ಚುವುದು ಮುಂತಾದ ರೂಢಿಗಳೂ ಈ ಬಗೆಯವೇ.

ಇದಕ್ಕೆ ಕಾರಣವೂ ಇದೆ. ರೈತರು ಮಣ್ಣಿನ ಪರೀಕ್ಷೆಯ ಚೀಟಿಯಲ್ಲಿ ಪಿ. ಎಚ್. ಎಂಬ ಅಂಕಿಯನ್ನು ನೋಡಿರುವರು. ೭ ಎಂದರೆ ಸಮ. ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಚೌಳು. ಆರೋಗ್ಯವಾದ ಚರ್ಮದ ಮೇಲ್ಭಾಗವು ಸುಮಾರು ೫ರಷ್ಟಿದ್ದು, ಸ್ವಲ್ಪ ಹುಳಿಯಾಗಿಯೇ ಇರುವುದು. ಜರ್ಮನಿಯ ಷಾಡೆ ಮತ್ತು ಮಾರ್ಕಿಯೋನೀನಿ ಎಂಬ ಪಂಡಿತರು ೧೯೨೮ರಲ್ಲಿ ಇದನ್ನು ಚರ್ಮದ ಆಮ್ಲಕವಚವೆಂದು ಕರೆದರು. ಬಟ್ಟೆಯ ಸಾಬೂನು, ಸೋಡ, ಬಹುಕಾಲದ ಒದ್ದೆ, ಇವುಗಳಿಂದ ಆ ಕವಚವು ಕೆಡುವುದು. ಆಗ ರೋಗಾಣುಗಳಿಗೆ ದಾರಿಯಾಗುವುದು. ತೆಳುವಾದ ಹುಳಿನೀರು ಆ ಹುಳಿಯನ್ನು ಸ್ವಲ್ಪಕಾಲದ ಮಟ್ಟಿಗೆ ಮರಳಿಸಿ, ಅಣುಜೀವಿಗಳ ಬೆಳವಣಿಗೆಯನ್ನು ತಡೆಯುವುದು. ಆದರೆ ಒಂದು ಮಾತು. ಪಿ. ಎಚ್. ಅಂಕಿಯು ಒಂದು ಇಳಿದರೆ ಹುಳಿಯು ಹತ್ತರಷ್ಟು ಏರುವುದು. ವಿನಿಗರಿನ ಅಂಕಿಯು ೩ರ ಸುಮಾರಿನದು. ಎಂದರೆ ಅದು ಚರ್ಮಕ್ಕಿಂತ ನೂರರಷ್ಟು ಹುಳಿ. ಔಷಧವೂ ಅಪಾಯವೂ ಒಂದೇ ಸೀಸೆಯಲ್ಲಿರುವುದು ಹೀಗೆ.

ಯಾವುದಕ್ಕೆ ಉಪಯೋಗ

ಮೊದಲನೆಯದಾಗಿ, ಕಾಲಿನ ದುರ್ವಾಸನೆ. ಬೆವರಿಗೆ ತಾನಾಗಿಯೇ ಹೆಚ್ಚು ವಾಸನೆಯಿಲ್ಲ. ದಿನವೆಲ್ಲ ಬೂಟಿನೊಳಗೆ ಬೆಂದ ಕಾಲಿನಲ್ಲಿ ಅಣುಜೀವಿಗಳು ಬೆವರನ್ನೂ ಸತ್ತ ಚರ್ಮವನ್ನೂ ಒಡೆಯುವುದರಿಂದ ಅದು ಹುಟ್ಟುವುದು. ತೆಳು ವಿನಿಗರ್ ನೀರು ಈ ಅಣುಜೀವಿಗಳನ್ನು ತಗ್ಗಿಸುವುದು. ಇದು ಕೆಲವು ಕಾಲದ ಶಮನವೇ ಹೊರತು ಶಾಶ್ವತ ಪರಿಹಾರವಲ್ಲ.

ಎರಡನೆಯದಾಗಿ, ಈಗತಾನೆ ಆರಂಭವಾದ, ಗಾಯವಾಗದ, ಬೆರಳ ಸಂದಿಯು ಬೆಳ್ಳಗೆ ನೆನೆದು ನವೆಯಾಗುವ ಸ್ಥಿತಿ. ಇದರಲ್ಲಿ ಬೂಷ್ಟಿನೊಡನೆ ಅಣುಜೀವಿಗಳೂ ಸೇರಿಕೊಳ್ಳುವುದುಂಟು. ಅವುಗಳಲ್ಲಿ ಹಸಿರು ಬಣ್ಣದ ಕೀವನ್ನುಂಟುಮಾಡುವ ಸೂಡೋಮೋನಾಸ್ ಎಂಬ ಜಾತಿಯು ಅಸಿಟಿಕ್ ಆಮ್ಲಕ್ಕೆ ವಿಶೇಷವಾಗಿ ಸೋಲುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೬ರಲ್ಲಿಯೇ, ಇಂತಹ ಗಾಯಗಳಿಗೆ ಶೇಕಡಾ ೧ರ ಅಸಿಟಿಕ್ ಆಮ್ಲವನ್ನು ಪ್ರಯೋಗಿಸಿದುದು ಅಮೆರಿಕದ ವೈದ್ಯಪತ್ರಿಕೆಯಲ್ಲಿ ವರದಿಯಾಗಿತ್ತು. ಇಂದಿಗೂ ವೈದ್ಯರು ಕೆಲವು ಗಾಯಗಳಿಗೆ ಇದನ್ನು ಉಪಯೋಗಿಸುವರು. ಆದರೆ ಅವರು ಉಪಯೋಗಿಸುವುದು ಅಳೆದು ಮಾಡಿದ ಶುದ್ಧ ದ್ರಾವಣವನ್ನು, ಅಡಿಗೆಮನೆಯ ಸೀಸೆಯನ್ನಲ್ಲ. ಆದುದರಿಂದ ಇದನ್ನು ನೋಡಿ ಬಾಯಿಬಿಟ್ಟ ಗಾಯಕ್ಕೆ ಮನೆಯಲ್ಲಿ ವಿನಿಗರನ್ನು ಹಾಕಕೂಡದು.

ನೆನೆಸುವ ಕ್ರಮ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಮಲೆನಾಡಿನ ರೈತನಿಗೆ ಶೇಕಡಾ ೧ ಎಂದರೇನೆಂದು ಹೇಳಬೇಕಾಗಿಲ್ಲ. ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಕಾಲದಿಂದಲೂ ನಮ್ಮ ಇಲಾಖೆಯು ಹೇಳುತ್ತ ಬಂದಿರುವುದು ಇದನ್ನೇ: ಮದ್ದು ಕಡಿಮೆಯಾದರೆ ರೋಗ ಹೋಗದು, ಹೆಚ್ಚಾದರೆ ಗಿಡ ಸುಡುವುದು. ಚರ್ಮಕ್ಕೂ ಇದೇ ನ್ಯಾಯ.

ಒಂದು ಲೋಟ ವಿನಿಗರಿಗೆ ಅದೇ ಲೋಟದಿಂದ ನಾಲ್ಕು ಲೋಟ ನೀರನ್ನು ಬೆರೆಸಿದರೆ ಆಮ್ಲವು ಶೇಕಡಾ ಮುಕ್ಕಾಲರಿಂದ ಒಂದರಷ್ಟಾಗುವುದು. ಇದಕ್ಕಿಂತ ಗಟ್ಟಿಯಾಗಿ ಮಾಡಬಾರದು. ನೀರು ಉಗುರುಬೆಚ್ಚಗಿದ್ದರೆ ಸಾಕು. ಅದನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ಮುಟ್ಟಿ ನೋಡತಕ್ಕದ್ದು. ಪ್ಲಾಸ್ಟಿಕ್ ಇಲ್ಲವೆ ಎನಾಮಲ್ ಬೋಗುಣಿಯನ್ನೇ ಉಪಯೋಗಿಸಬೇಕು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳನ್ನು ಹುಳಿಯು ತಿನ್ನುವುದು. ಕಾಲನ್ನು ಮೊದಲು ಬರಿಯ ನೀರಿನಿಂದ ತೊಳೆದು, ದಿನಕ್ಕೆ ಒಂದೇ ಸಲ, ಹತ್ತು ನಿಮಿಷ ನೆನೆಸಬೇಕು. ಅನಂತರ ಬರಿಯ ನೀರಿನಿಂದ ತೊಳೆದು, ಬೆರಳ ಸಂದಿಗಳನ್ನು ಒಂದೊಂದಾಗಿ ಒಣಬಟ್ಟೆಯಿಂದ ಒತ್ತಿ ಒರಸತಕ್ಕದ್ದು. ಈ ಕಡೆಯ ಕೆಲಸವನ್ನು ಬಿಟ್ಟರೆ ಮೊದಲಿನದೆಲ್ಲ ವ್ಯರ್ಥ. ಏತಕ್ಕೆಂದರೆ ಒದ್ದೆಯಿಂದ ಬಂದ ರೋಗಕ್ಕೆ ಮತ್ತಷ್ಟು ಒದ್ದೆಯನ್ನು ಸೇರಿಸಿದಂತಾಗುವುದು. ಉರಿಯಾಗಲಿ ಕೆಂಪಾಗಲಿ ಕಂಡರೆ ಆ ಕ್ಷಣವೇ ನಿಲ್ಲಿಸಬೇಕು. ಒಂದು ವಾರದಲ್ಲಿ ಗುಣ ಕಾಣದಿದ್ದರೆ ಅದನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಎರಡು ತಪ್ಪುಗಳನ್ನು ಎತ್ತಿ ಹೇಳುವುದು ಅವಶ್ಯ. ವಿನಿಗರಿನೊಡನೆ ಅಡಿಗೆ ಸೋಡವನ್ನು ಬೆರೆಸಿದರೆ ಬುಸುಬುಸು ನೊರೆಯುಕ್ಕುವುದನ್ನು ಕಂಡು ಅದಕ್ಕೆ ಶಕ್ತಿ ಹೆಚ್ಚಿತೆಂದು ಕೆಲವರು ಭಾವಿಸುವರು. ನಿಜಸ್ಥಿತಿಯು ಇದಕ್ಕೆ ವಿರುದ್ಧವಾದುದು. ೨೦೦ ಮಿಲಿಲೀಟರು ವಿನಿಗರಿನಲ್ಲಿ ಸುಮಾರು ೮ ಗ್ರಾಂ ಆಮ್ಲವಿದ್ದರೆ, ೧೧ ಗ್ರಾಂ ಸೋಡವು ಅದನ್ನು ಪೂರ್ತಿಯಾಗಿ ಕೊಂದುಬಿಡುವುದು. ಉಳಿಯುವುದು ಉಪ್ಪಿನಂತಹ ನೀರು ಮಾತ್ರ. ಇದು ವ್ಯರ್ಥವಾದ ತಪ್ಪು. ಎರಡನೆಯದು ಪ್ರಾಣಾಪಾಯದ ತಪ್ಪು: ವಿನಿಗರಿಗೆ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚಿನ ದ್ರಾವಣವನ್ನಾಗಲಿ ಎಂದಿಗೂ ಬೆರೆಸಕೂಡದು. ಅದರಿಂದ ಕ್ಲೋರಿನ್ ಎಂಬ ವಿಷವಾಯುವು ಹೊರಡುವುದು.

ತೋಟಗಾರರಿಗೆ ಮತ್ತೊಂದು ಎಚ್ಚರಿಕೆ. ಕಳೆಯನ್ನು ಸುಡುವುದಕ್ಕೆಂದು ಮಾರುವ ಗಟ್ಟಿ ವಿನಿಗರೂ, ದಕ್ಷಿಣ ಕನ್ನಡದ ರಬ್ಬರು ತೋಟಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಇಟ್ಟುಕೊಳ್ಳುವ ಆಮ್ಲಗಳೂ ಅಡಿಗೆಯ ವಿನಿಗರಿನ ಅನೇಕ ಪಾಲು ಉಗ್ರವಾದುವು. ಎಲೆಯನ್ನು ಸುಡತಕ್ಕ ವಸ್ತುವು ಅಂಗಾಲನ್ನು ಬಿಡುವುದಿಲ್ಲ. ಇಂತಹ ಸೀಸೆಗಳನ್ನು ಮನೆಯ ಸಾಮಾನುಗಳೊಡನೆ ಇಡಲೇಕೂಡದು.

ಯಾವುದಕ್ಕೆ ಉಪಯೋಗವಿಲ್ಲ

ಒಡೆದ ಹಿಮ್ಮಡಿಗೆ ಬೇಕಾದದ್ದು ಹುಳಿಯಲ್ಲ, ಜಿಡ್ಡು. ಬರಿಯ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸತ್ತ ಚರ್ಮವನ್ನು ಉಜ್ಜುಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಒರಸಿದ ಕೂಡಲೆ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿದರೆ ಗುಣ ಕಾಣುವುದು. ಸೀಳಿದ ಹಿಮ್ಮಡಿಗೆ ವಿನಿಗರ್ ತಗಲಿದರೆ ಉರಿಯೇ ಲಾಭ.

ಉಗುರಿಗೆ ಹಿಡಿದ ಬೂಷ್ಟು, ಎಂದರೆ ಉಗುರು ಹಳದಿಯಾಗಿ ದಪ್ಪವಾಗಿ ಪುಡಿಯಾಗುವುದು, ವಿನಿಗರಿನಿಂದ ಹೋಗುವುದಿಲ್ಲ. ನೀರು ಉಗುರಿನ ಬುಡಕ್ಕೆ ಇಳಿಯಲಾರದು. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆಯುವುದಕ್ಕೆ ಒಂದರಿಂದ ಒಂದೂವರೆ ವರ್ಷ ಹಿಡಿಯುವುದು. ಇದಕ್ಕೆ ವೈದ್ಯರ ಔಷಧವೇ ಬೇಕು.

ನೆಲೆಯೂರಿದ ಕೆಸರುಹುಣ್ಣಿಗೂ ಹುಳುಕಡ್ಡಿಗೂ ಬೂಷ್ಟನ್ನು ಕೊಲ್ಲುವ ಮುಲಾಮುಗಳುಂಟು. ವೈದ್ಯರು ಹೇಳಿದಷ್ಟು ವಾರಗಳ ಕಾಲ, ನವೆ ನಿಂತ ಮೇಲೆಯೂ, ಅವುಗಳನ್ನು ಹಚ್ಚತಕ್ಕದ್ದು. ಆದರೆ ಔಷಧದ ಅಂಗಡಿಯವನು ಕೊಟ್ಟ ಸ್ಟಿರಾಯ್ಡ್ ಬೆರೆತ ಮುಲಾಮನ್ನು ಹಚ್ಚಿದರೆ ಎರಡು ದಿನ ನವೆ ಅಡಗಿ, ರೋಗವು ಒಳಗೊಳಗೇ ಹರಡುವುದು. ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಚರ್ಮದ ಬೂಷ್ಟು ಮದ್ದಿಗೆ ಬಗ್ಗದಂತಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುವರು.

ಆಣಿ, ನರುಲಿಗಳ ಮೇಲೆ ವಿನಿಗರಿನಲ್ಲಿ ಅದ್ದಿದ ಹತ್ತಿಯನ್ನು ರಾತ್ರಿಯಿಡೀ ಕಟ್ಟಿ ಚರ್ಮವನ್ನು ಸುಟ್ಟುಕೊಂಡವರಿದ್ದಾರೆ. ಇದು ಸರ್ವಥಾ ಕೂಡದು. ಒಣಗಿ ನವೆಯಾಗುವ ಇಸಬಿಗೂ ಇದು ತಕ್ಕದ್ದಲ್ಲ. ೨೦೧೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೨೨ ಜನರು ೧೪ ದಿನಗಳ ಕಾಲ ಒಂದು ಮುಂದೋಳನ್ನು ಶೇಕಡಾ ಅರ್ಧದಷ್ಟು ಆಮ್ಲವುಳ್ಳ ಸೇಬಿನ ವಿನಿಗರ್ ನೀರಿನಲ್ಲಿಯೂ, ಮತ್ತೊಂದನ್ನು ಬರಿಯ ನೀರಿನಲ್ಲಿಯೂ ದಿನಕ್ಕೆ ಹತ್ತು ನಿಮಿಷ ನೆನೆಸಿದರು. ಚರ್ಮದ ರಕ್ಷಣಾಶಕ್ತಿಯು ಉತ್ತಮವಾಗಲಿಲ್ಲ. ೧೬ ಜನರಿಗೆ ಉರಿ ಮುಂತಾದ ತೊಂದರೆಗಳುಂಟಾದುವು. ಕಾಲಿನ ಮೂಲಕ ಮೈಯ ವಿಷವನ್ನು ಸೆಳೆಯುವುದು, ರಕ್ತದ ಒತ್ತಡವನ್ನು ಇಳಿಸುವುದು ಎಂಬ ಮಾತುಗಳಿಗೆ ಆಧಾರವೇ ಇಲ್ಲ.

ಬರಿಗಾಲಿನಲ್ಲಿ ದುಡಿಯುವವರಿಗೆ ಬರುವ ದೊಡ್ಡ ಕಾಯಿಲೆಗಳೂ ಕೆಲವಿವೆ. ನೋವಿಲ್ಲದೆ ಪಾದವು ಗಂಟುಗಂಟಾಗಿ ಊದಿ, ಸಣ್ಣ ರಂಧ್ರಗಳಿಂದ ಸಾಸಿವೆಯಂತಹ ಕಾಳುಗಳು ಸುರಿಯುವ ರೋಗವನ್ನು ೧೮೪೨ರಲ್ಲಿ ಮಧುರೆಯಲ್ಲಿ ಗಿಲ್ ಎಂಬ ವೈದ್ಯನು ವರ್ಣಿಸಿದುದರಿಂದ ಅದಕ್ಕೆ ಮಧುರೆಯ ಪಾದವೆಂಬ ಹೆಸರು ಬಂದಿತು. ಮುಳ್ಳು ಚುಚ್ಚಿದ ಕಡೆ ಮಣ್ಣಿನ ಜೀವಿಗಳು ಒಳಹೊಕ್ಕು ಇದನ್ನುಂಟುಮಾಡುವುವು. ಕೊಕ್ಕೆಹುಳುವಿನ ಮರಿಗಳು ಅಂಗಾಲಿನಿಂದಲೇ ದೇಹವನ್ನು ಸೇರುವುವು. ಇಲಿಜ್ವರದ ರೋಗಾಣುವು ನೆನೆದು ಬಿರಿದ ಚರ್ಮದಿಂದ ಒಳನುಗ್ಗುವುದು. ಸ್ಪರ್ಶವೇ ತಿಳಿಯದ ಮಚ್ಚೆಯು ಕುಷ್ಠದ ಗುರುತಾಗಿರಬಹುದು. ಮೊಳೆ, ಗುದ್ದಲಿಗಳ ಗಾಯದಿಂದ ಧನುರ್ವಾಯು ಬರಬಹುದು. ಇವೊಂದಕ್ಕೂ ವಿನಿಗರ್ ಮದ್ದಲ್ಲ. ಇಂತಹ ಕಡೆ ಅದರಿಂದಾಗುವ ಹಾನಿಯೆಂದರೆ ಅದು ನುಂಗುವ ದಿನಗಳು.

ಯಾರು ನೆನೆಸಕೂಡದು

ಸಿಹಿಮೂತ್ರದ ರೋಗವುಳ್ಳವರು ವಿನಿಗರಿನಲ್ಲಿಯೇ ಅಲ್ಲ, ಯಾವ ನೀರಿನಲ್ಲಿಯೂ ಕಾಲನ್ನು ನೆನೆಹಾಕಕೂಡದೆಂದು ವೈದ್ಯರು ಹೇಳುವರು. ಈ ರೋಗದಲ್ಲಿ ಪಾದದ ನರಗಳು ಮಂದವಾಗಿ ಬಿಸಿ, ಉರಿ, ಗಾಯಗಳು ತಿಳಿಯುವುದಿಲ್ಲ. ರಕ್ತಸಂಚಾರವು ಕಡಿಮೆಯಾಗಿ ಗಾಯವು ಮಾಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಹಾಯದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಈ ರೋಗವುಳ್ಳವರು ೧೦ ಕೋಟಿಗೆ ಮೇಲ್ಪಟ್ಟಿರುವರೆಂದು ಅಂದಾಜುಮಾಡಿತು. ರೋಗವಿದ್ದೂ ಅರಿಯದವರು ಅನೇಕರು.

ಪುಟ್ಟೇನಹಳ್ಳಿಯ ಬಳಿ ಮನೆತೋಟಗಳನ್ನು ನೋಡಿಕೊಳ್ಳುತ್ತಿದ್ದ, ಐವತ್ತು ದಾಟಿದ ಮಾಲಿಯೊಬ್ಬನು ಕಿರುಬೆರಳಿನ ಹುಣ್ಣಿಗೆ ನೆರೆಯವರ ಮಾತಿನಂತೆ ಬಿಸಿನೀರಿಗೆ ವಿನಿಗರ್ ಹಾಕಿ ದಿನವೂ ಎರಡು ಹೊತ್ತು ನೆನೆಸಿದನು. ಉರಿಯಾಗಲಿಲ್ಲವಾದುದರಿಂದ ಮದ್ದು ಹಿಡಿಯುತ್ತಿದೆಯೆಂದೇ ನಂಬಿದನು. ಉರಿ ತಿಳಿಯದಿದ್ದುದಕ್ಕೆ ಕಾರಣವು ಮದ್ದಲ್ಲ, ಸತ್ತ ನರ. ಹದಿನೈದು ದಿನಗಳ ಮೇಲೆ ಬೆರಳು ಕಪ್ಪಾಗಿ ಆಸ್ಪತ್ರೆಗೆ ಹೋದಾಗ ಅವನಿಗೆ ಸಿಹಿಮೂತ್ರದ ರೋಗವಿರುವುದು ಮೊದಲನೆಯ ಸಲ ಗೊತ್ತಾಯಿತು. ಕಾಲು ಉಳಿಯಿತು, ಬೆರಳು ಉಳಿಯಲಿಲ್ಲ. ಹುಣ್ಣು ಕಂಡ ಮೊದಲ ವಾರದಲ್ಲಿಯೇ ರಕ್ತವನ್ನು ಪರೀಕ್ಷೆ ಮಾಡಿಸಿದ್ದರೆ ಅದೂ ಉಳಿಯುತ್ತಿದ್ದಿತೇನೋ.

ರಕ್ತಸಂಚಾರ ಕೆಟ್ಟವರು, ಕಾಲು ಜೋಮುಹಿಡಿದವರು, ಆನೆಕಾಲುಳ್ಳವರು, ತೆರೆದ ಗಾಯವುಳ್ಳವರು, ಚಿಕ್ಕ ಮಕ್ಕಳು, ಇವರಿಗೂ ವಿನಿಗರ್ ನೀರು ಬೇಡ.

ದನಗಳ ಗೊರಸಿನ ವಿಷಯ

ಇದನ್ನೇ ರಾಸುಗಳಿಗೂ ಮಾಡಬಹುದೇ ಎಂದು ಕೇಳುವವರುಂಟು. ಕಾಲುಬಾಯಿ ಜ್ವರದ ವಿಷಾಣುವು ಹುಳಿಯಲ್ಲಿಯೂ ಹೆಚ್ಚು ಚೌಳಿನಲ್ಲಿಯೂ ಬದುಕಲಾರದು. ಅದಕ್ಕಾಗಿಯೇ ಕೊಟ್ಟಿಗೆಯ ನೆಲವನ್ನೂ ಪಾತ್ರೆಗಳನ್ನೂ ಶೇಕಡಾ ೪ರ ಚಾಕಲಿ ಸೋಡದ ನೀರಿನಿಂದ ತೊಳೆಯುವುದು. ಆದರೆ ದೇಹದ ಒಳಹೊಕ್ಕ ವಿಷಾಣುವನ್ನು ಗೊರಸಿನ ಮೇಲಿನ ಯಾವ ನೀರೂ ಮುಟ್ಟದು. ೨೦೧೩ರಲ್ಲಿ ಕರ್ನಾಟಕದಲ್ಲಿ ಈ ಜಾಡ್ಯವು ಹಬ್ಬಿ ಸಾವಿರಾರು ರಾಸುಗಳು ಸತ್ತುದನ್ನು ರೈತರು ಮರೆತಿರಲಾರರು. ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಯೇ ಇದಕ್ಕೆ ತಡೆ.

ಕಾಲನ್ನು ಕಾಯುವ ಬಗೆ

ಕೆಸರಿನ ಕೆಲಸಕ್ಕೆ ಗಮ್‌ಬೂಟು ಉತ್ತಮ. ಆದರೆ ರಾತ್ರಿ ಅದನ್ನು ಬೋರಲು ಹಾಕಿ ಒಣಗಿಸದಿದ್ದರೆ ಅದೇ ರೋಗದ ಮನೆಯಾಗುವುದು. ಕಾಲುಚೀಲವು ಹತ್ತಿಯದಾಗಿರಬೇಕು, ದಿನವೂ ಬದಲಾಯಿಸಬೇಕು. ನಾಟಿಯ ದಿನಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗಾದರೂ ಕಾಲನ್ನು ತೊಳೆದು, ಒರಸಿ, ಅರ್ಧ ಗಂಟೆ ಗಾಳಿಗೆ ಬಿಡಬೇಕು. ಒಬ್ಬರ ಟವಲನ್ನು ಇನ್ನೊಬ್ಬರು ಬಳಸಬಾರದು. ರಾತ್ರಿ ಮಲಗುವಾಗ ಬೆಳಕಿನಲ್ಲಿ ಅಂಗಾಲನ್ನೂ ಬೆರಳ ಸಂದಿಗಳನ್ನೂ ನೋಡಿಕೊಳ್ಳುವ ಅಭ್ಯಾಸವಿದ್ದರೆ ಅರ್ಧ ರೋಗವು ಅಲ್ಲಿಯೇ ನಿಲ್ಲುವುದು. ಕಣ್ಣು ಮಂದವಾದ ವೃದ್ಧರ ಕಾಲನ್ನು ಮನೆಯ ಮಕ್ಕಳು ನೋಡತಕ್ಕದ್ದು.

ಸಾರಾಂಶ

೧. ತೆಳು ವಿನಿಗರ್ ನೀರು ಕಾಲಿನ ವಾಸನೆಗೂ, ಆರಂಭದ ನವೆಗೂ ಸ್ವಲ್ಪಮಟ್ಟಿಗೆ ಉಪಯುಕ್ತ.

೨. ಅಳತೆಯು ಒಂದಕ್ಕೆ ನಾಲ್ಕು; ಕಾಲವು ಹತ್ತು ನಿಮಿಷ; ಅವಧಿಯು ಒಂದು ವಾರ.

೩. ನೆನೆಸುವುದಕ್ಕಿಂತ ಒಣಗಿಸುವುದು ಮುಖ್ಯ.

೪. ಅಡಿಗೆ ಸೋಡ ಬೆರೆಸಿದರೆ ವ್ಯರ್ಥ. ಬ್ಲೀಚಿಂಗ್ ಪುಡಿ ಬೆರೆಸಿದರೆ ಪ್ರಾಣಾಪಾಯ.

೫. ಒಡೆದ ಹಿಮ್ಮಡಿ, ಉಗುರಿನ ಬೂಷ್ಟು, ಆಣಿ, ನರುಲಿ, ಇಸಬು, ಗಾಯ, ಇವುಗಳಿಗೆ ಬಳಸಬಾರದು.

೬. ಸಿಹಿಮೂತ್ರದ ರೋಗಿಗಳು ಎಂದಿಗೂ ಕಾಲನ್ನು ನೆನೆಹಾಕಕೂಡದು.

೭. ಊತ, ಕೀವು, ಜ್ವರ, ಕಪ್ಪುಬಣ್ಣ, ಜೋಮು, ಒಂದು ವಾರದಲ್ಲಿ ಮಾಯದ ಹುಣ್ಣು, ಇವುಗಳಲ್ಲಿ ಯಾವುದೊಂದು ಕಂಡರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಪುಟ್ಟೇನಹಳ್ಳಿಯ ಸುತ್ತಿನವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆಯು ದೂರವಲ್ಲ.

ಮನೆಮದ್ದನ್ನು ಹೀಗಳೆಯುವುದು ಈ ಲೇಖಕನ ಉದ್ದೇಶವಲ್ಲ. ಮನೆಮದ್ದಿಗೆ ಮನೆಯಷ್ಟೇ ಎಲ್ಲೆಯುಂಟು. ಆ ಎಲ್ಲೆಯು ಎಲ್ಲಿ ಮುಗಿಯುವುದೆಂದು ಬಲ್ಲವನು ಒಂದು ಲೋಟ ವಿನಿಗರಿನಿಂದಲೂ ಪ್ರಯೋಜನವನ್ನು ಪಡೆಯುವನು, ತನ್ನ ಕಾಲನ್ನೂ ಉಳಿಸಿಕೊಳ್ಳುವನು.